ಬೇಸ್ತವಾರದ ಫಟಫಟಿ

ಪಾದ್ರಿ ಸತ್ತ ಸುದ್ದಿ ಬಂದಾಗ ನಾನು ಮಿರ್ಚಿ ಕರಿಯುತ್ತಿದ್ದೆ. ಸುದ್ದಿ ಕೇಳಿದ ಮೇಲೂ ಬಾಣಲೆಯೊಳಗಿದ್ದವನ್ನು ಪೂರಾ ಕರಿದು ತೆಗೆದೆ. ಎಣ್ಣೆ ಕಾದಿತ್ತು, ಗಿರಾಕಿ ನಿಂತಿದ್ದರು. ಬಿಟ್ಟು ಅಳುತ್ತ ಕೂರುವ ಹೆಂಗಸು ನಾನಲ್ಲ. ಅದೂ ಅಲ್ಲದೆ, ಅವರಿಗಾಗಿ ಅಳುವ ಹಕ್ಕು ನನಗಿರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದನ್ನೇ ಬರೆಯಲು ಕೂತಿದ್ದೇನೆ.

ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಮಾತು ತಿದ್ದಬೇಡ ಅಂತ ಆಕೆಗೆ ಹೇಳಿದ್ದೇನೆ. ಪಾದ್ರಿಯ ಹೆಸರು ಬರೆಯುವುದಿಲ್ಲ. ಈ ಕಡೆ ಯಾರೂ ಅವರನ್ನು ಹೆಸರು ಹಿಡಿದು ಕರೆಯಲೂ ಇಲ್ಲ. ಮೋಟರ್ ಸೈಕಲ್ಲಿನ ಮೇಲೇ ತಿರುಗುವ ಫಟಫಟಿ ಪಾದ್ರಿ ಅಂದರೆ ಗಂಗಾವತಿಯಿಂದ ಕುಷ್ಟಗಿವರೆಗೆ ಗಾಡಿ ಹೊಡೆಯುವವರಿಗೆಲ್ಲ ಗೊತ್ತಾಗುತ್ತಿತ್ತು.

ಕೊಪ್ಪಳ ಬೇರೆ ಜಿಲ್ಲೆ ಆದ ವರ್ಷ ಅವರನ್ನು ಮೊದಲು ನೋಡಿದ್ದು. ತಾವರಗೇರಾ ದಾಟಿ ಕುಷ್ಟಗಿ ಕಡೆ ಹೋಗುವ ದಾರಿಯ ಮಗ್ಗುಲಿಗೆ ನಮ್ಮದೊಂದು ಚಾದಂಗಡಿ. ಹಿಂದೆಯೇ ಮನೆ. ಗಂಡ ಸತ್ತ ಮೇಲೆ ಅಂಗಡಿ ನಾನೇ ನಡೆಸುತ್ತಿದ್ದೆ. ನಮ್ಮ ಓಣಿಯ ಹಾಲಿನವನು ಫಟಫಟಿಗೆ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬಂದು ಚಾ ಕುಡಿಯುತ್ತಿದ್ದ. ನೋಡಿದರೆ ಅವನ ಗಾಡಿಯ ಮಗ್ಗುಲಿಗೆ ಯಾರೋ ಮಂಡಿ ಊರಿ ಕುಂತಿದ್ದಾರೆ. ಬಿಳಿ ಅಂಗಿ, ತಲೆಯ ಮೇಲೆ ಹೆಲ್ಮೆಟ್ಟು, ಕೈಯಲ್ಲಿ ನಟ್ಟು ತಿರುವುವ ಪಾನಾ. ಆಗಿನ್ನೂ ಈ ಕಡೆ ಹೆಲ್ಮೆಟ್ಟು ಹಾಕಿದವರನ್ನು ಕಂಡವರಿರಲಿಲ್ಲ. ಸಾಲಿ ಹುಡುಗರು "ಕೊಡಾ ಹೊತ್ತ ಮಾಮಾ" ಅಂತ ಕೂಗಿಕೊಂಡು ಹೋದರು.

"ಏ, ಯಾರ್ರೀ ನೀವು? ನನ್ನ ಗಾಡಿಗೆ ಏನು ಮಾಡಾಕತ್ತೀರಿ?" ಅಂದ ಹಾಲಿನವನು.

"ಚೈನ್ ಸಡಲಾಗೈತಿ. ಬಿಗಿ ಮಾಡಾಕತ್ತೀನಿ."

"ಮಿಸ್ತ್ರಿ ಏನು?"

"ಪಾದ್ರಿ ಅದೀನಿ."

"ಪಾದ್ರಿ ಕೈಯಾಗ ಪಾನಾ ಯಾಕ್ರೀ? ಪುಸ್ತಕ ಇರಬೇಕಲಾ."

"ಪುಸ್ತಕ ಚೀಲದಾಗೈತಿ. ನೀ ಸತ್ತ ಮ್ಯಾಲ ಅದನ್ನ ತೆಗೀಬೇಕಾಗತೈತಿ. ಅದಕ್ಕಿಂತ ಈಗ ಪಾನಾ ತೆಗದ್ರ ಇಬ್ಬರಿಗೂ ಹಗೂರ."

ಹಾಲಿನವನು ಚಾ ಬಾಯಲ್ಲಿಟ್ಟುಕೊಂಡೇ ನಕ್ಕು ಅಂಗಿ ಮೇಲೆ ಚೆಲ್ಲಿಕೊಂಡ. ನನಗೂ ನಗು ಬಂತು. ತೋರಿಸಲಿಲ್ಲ.

ಅವರು ಶ್ರೀರಾಮನಗರದ ಕಡೆಯವರು. ಮಾತಿನೊಳಗೆ ಅಲ್ಲೊಂದು ಇಲ್ಲೊಂದು ತೆಲುಗು ಬರುತ್ತಿತ್ತು. ಹದಿನೇಳು ವರ್ಷ ಫೌಜಿನೊಳಗೆ ಗಾಡಿ ರಿಪೇರಿ ಮಾಡಿ ಬಂದಿದ್ದರಂತೆ. ಎಡಗೈಯ ಎರಡು ಬೆರಳು ಅಲ್ಲೇ ಯಾವುದೋ ಲಾರಿ ಕೆಳಗೆ ಹೋಗಿದ್ದವು. ಉಳಿದ ಬೆರಳಲ್ಲೇ ಕ್ಲಚ್ಚು ಹಿಡಿಯುತ್ತಿದ್ದರು, ಅದೇ ಬೆರಳಲ್ಲಿ ಬಿಸಿ ಲೋಟ ಹಿಡಿದು ಚಾ ಕುಡಿಯುತ್ತಿದ್ದರು. ಪೆನ್ಶನ್ ಆದ ಮೇಲೆ ಎಲ್ಲೋ ಓದಿ ಪಾದ್ರಿ ಆದರು. ಅವರ ಮಂದಿ ಚರ್ಚಿನ ಬೆಂಚಿನ ಮೇಲೆ ಕೂರುವವರಲ್ಲ. ಹಾಲಿನವರು, ಫಟಫಟಿಗೆ ಗಂಟು ಕಟ್ಟಿಕೊಂಡು ಸೀರೆ ಮಾರುವವರು, ಆಂಧ್ರದವರ ಕ್ಯಾಂಪಿನಿಂದ ಮೀನು ತರುವವರು. ಇನ್ನು ಫೌಜಿನಿಂದ ಬಂದವರು. ಊರಿಗೆ ಬಂದರೂ ಇನ್ನೂ ಪೂರ್ತಿ ಬಂದಿಲ್ಲದವರು, ಅಂತ ಅವರೇ ಹೇಳುತ್ತಿದ್ದರು. ಅವರೊಳಗೆ ಕ್ರಿಸ್ತರು ಹತ್ತಕ್ಕೆ ಒಬ್ಬರೂ ಇರಲಿಲ್ಲ.

ಐತವಾರ ಗಂಗಾವತಿ ದಾರಿಯ ಪಂಕ್ಚರ್ ಅಂಗಡಿಯೊಂದರ ಹಿಂದೆ ಅವರ ಪ್ರಾರ್ಥನೆ. ನಾನು ನೋಡಿಲ್ಲ, ಹಾಲಿನವನು ಹೇಳಿದ್ದು. ಒಂದು ಹಾಡು ಹಾಡುತ್ತಿದ್ದರಂತೆ, ದನಿ ಭಾಳ ಕೆಟ್ಟದ್ದಂತೆ. ಆಮೇಲೆ "ಈ ವಾರ ಯಾರ್ಯಾರು ಬಿದ್ರಿ?" ಅಂತ ಕೇಳುತ್ತಿದ್ದರಂತೆ. ಬಿದ್ದವರು ಕೈ ಎತ್ತಬೇಕು, ಎಲ್ಲಿ ಬಿದ್ದೆ, ಯಾಕೆ ಬಿದ್ದೆ ಅಂತ ಹೇಳಬೇಕು. ಕುಡಿದಿದ್ದರೆ ಅದನ್ನೂ ಹೇಳಬೇಕು. ಹೊಸ ಗಾಡಿ ತಂದವನು ನಾಚಿಕೊಂಡು "ನಾ ಹೇಮಗುಡ್ಡದ ದುರ್ಗಮ್ಮನ ಮುಂದ ಪೂಜಿ ಮಾಡಿಸೀನ್ರಿ" ಅಂದರೆ, "ಛಲೋ ಆತು. ಈಗ ಬ್ರೇಕ್ ತೋರ್ಸು" ಅನ್ನುತ್ತಿದ್ದರಂತೆ. ಅಷ್ಟೇ ಅವರ ಉಪದೇಶ.

ನಮ್ಮ ಕಡೆ ಬರುತ್ತಿದ್ದದ್ದು ಬೇಸ್ತವಾರ, ಮಧ್ಯಾಹ್ನ ಮೂರಕ್ಕೆ. ಕುಷ್ಟಗಿ ಕಡೆಯ ಮಾಜಿ ಸೈನಿಕರನ್ನು ನೋಡಿ ವಾಪಸ್ಸು ಹೋಗುವಾಗ ಎರಡು ಮಿರ್ಚಿ, ಒಂದು ಚಾ. ಅವರು ಯಾವ ಓಣಿಯ ಮಂದಿಯೊಳಗಿಂದ ಬಂದವರು ಅಂತ ತಿಳಿದ ದಿನ ನಾನು ಅವರ ಲೋಟ ಬೇರೆ ಇಟ್ಟೆ. ಅಂಚು ತಗ್ಗಿದ ಸ್ಟೀಲ್ ಲೋಟ, ಹೊರಗಿನ ಕಲ್ಲಿನ ಮೇಲೆ. ಸುಳ್ಳು ಯಾಕೆ ಹೇಳಲಿ. ಕುಡಿದು ತಾವೇ ತೊಳೆದು ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ಒಂದು ದಿನ ಮಾತ್ರ, "ನನ್ನ ಲೋಟ ಛಲೋ ಐತ್ರಿ ಅಕ್ಕಾ, ಯಾರೂ ಕದಿಯೂದಿಲ್ಲ" ಅಂದು ನಕ್ಕರು. ನಾನೂ ನಕ್ಕುಬಿಟ್ಟೆ. ಅದೂ ತಪ್ಪೇ. ಆದರೆ ಇವತ್ತು ಹೇಳಬೇಕಾದ ತಪ್ಪು ಅದಲ್ಲ.

ಅವರದು ಇನ್ನೊಂದು ಕೆಲಸ ಇತ್ತು. ದಾರಿಯಲ್ಲಿ ಗಾಡಿ ಮೇಲೆ ಯಾರಾದರೂ ಸತ್ತರೆ ಮನೆಯವರಿಗೆ ಸುದ್ದಿ ಮುಟ್ಟಿಸುವುದು. ಪೊಲೀಸರೂ ಅವರಿಗೇ ಹೇಳಿ ಕಳಿಸುತ್ತಿದ್ದರು. ಒಂದು ಮಳೆಗಾಲ ನಮ್ಮ ಹಾಲಿನವನೇ ಲಾರಿಗೆ ಸಿಕ್ಕ. ಅವನ ಮನೆ ನಮ್ಮ ಅಂಗಡಿಯಿಂದ ನಾಲ್ಕನೆಯದು. ಪಾದ್ರಿ ಗಾಡಿಯನ್ನು ದೂರ ನಿಲ್ಲಿಸಿ ನಡೆದು ಬಂದರು. ಹೆಲ್ಮೆಟ್ಟು ತೆಗೆದರು. ಬಾಗಿಲ ಮುಂದೆ ನೆಲದ ಮೇಲೆ ಕುಂತುಬಿಟ್ಟರು. "ತಂಗಿ, ಒಂದು ಲೋಟ ನೀರು ಕೊಡವ್ವಾ" ಅಂದರು. ಹಾಲಿನವನ ಹೆಂಡತಿ ನೀರು ತಂದಳು. ಇವರು ನೆಲದಲ್ಲಿ ಕುಂತಿದ್ದಾರೆ ಅಂತ ತಾನೂ ಎದುರಿಗೆ ಕುಂತಳು. ಆಮೇಲೆ ಹೇಳಿದರು.

ಯಾಕೆ ಹಾಗೆ ಅಂತ ನಾನು ಮುಂದೆ ಒಂದು ದಿನ ಕೇಳಿದೆ.

"ನಿಂತು ಹೇಳಬಾರದು ಅಕ್ಕಾ. ನಿಂತವರು ಬೀಳ್ತಾರ. ನಾ ಕುಂತ್ರ ಅವರೂ ಕೂರ್ತಾರ. ನೀರು ತರಾಕ ಒಳಗ ಹ್ವಾದ್ರ ಒಂದು ನಿಮಿಷ ಸಿಗತೈತಿ. ಅದು ಅವರ ಹಳೇ ಬಾಳೇದ ಕಡೀ ನಿಮಿಷ. ಅದನ್ನ ಗಡಬಡಿಸಿ ಕಸಗೊಂಡ್ರ ಹ್ಯಾಂಗ?"

ಅಂದಿನಿಂದ ಈ ದಾರಿಯ ಹೆಂಗಸರು ಪಾದ್ರಿ ನೀರು ಕೇಳುತ್ತಾರೇನೋ ಅಂತ ಹೆದರುವಂತಾಯಿತು. ನಾನು ಒಮ್ಮೆ ಬಿಸಿಲಿಗೆ ಬಂದವರಿಗೆ "ನೀರು ಬೇಕೇನ್ರಿ ಪಾದ್ರಿ ಸಾಹೇಬ್ರ?" ಅಂದೆ. "ಬ್ಯಾಡ ಬ್ಯಾಡ, ಚಾ ಕೊಡ್ರಿ. ನಿಮ್ಮ ಕೂಡ ನನಗ ಇನ್ನೂ ಭಾಳ ಮಿರ್ಚಿ ತಿನ್ನೂದೈತಿ" ಅಂದರು.

ಅದೇ ಹೊತ್ತಿಗೆ ನನ್ನ ಮಗ ಫೌಜಿನಿಂದ ವಾಪಸ್ಸು ಬಂದ. ಹೋದಾಗ ಹದಿನೆಂಟು. ಬಂದಾಗ ಬಲಗಿವಿ ಕೇಳುತ್ತಿರಲಿಲ್ಲ, ಅವಧಿ ಮುಗಿಯುವ ಮೊದಲೇ ಕಾಗದ ಕೊಟ್ಟು ಕಳಿಸಿದ್ದರು. ಗಡಿಯಲ್ಲಿ ಏನಾಯಿತು ಅಂತ ನನಗೆ ಹೇಳಲಿಲ್ಲ. ಏನನ್ನೂ ಹೇಳಲಿಲ್ಲ. ಅಂಗಡಿಯ ಹಿಂದೆ ನೀರಿನ ಟಾಕಿ ಪಕ್ಕ ಕುಂತನೆಂದರೆ ಸಂಜೆವರೆಗೂ ಅಲ್ಲೇ. "ಊಟ ಮಾಡೋ" ಅಂದರೆ ಮಾಡುವನು, "ಏಳೋ" ಅಂದರೆ ಏಳುವನು. ನಾನು ತಾಯಿತ ಕಟ್ಟಿಸಿದೆ, ಬೈದೆ, ಒಮ್ಮೆ ಹೊಡೆದೂ ಬಿಟ್ಟೆ. ಕಲ್ಲಿಗೆ ಹೊಡೆದ ಹಾಗಾಯಿತು.

ಪಾದ್ರಿ ಅವನನ್ನು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ಬೇಸ್ತವಾರ ಬಂದವರೇ "ಅಕ್ಕಾ, ನನ್ನ ಗಾಡಿ ಕಾರ್ಬೋರೇಟರ್ ಕೈ ಕೊಟ್ಟೈತಿ. ನಿಮ್ಮ ಟಾಕಿ ನೆರಳಿಗೆ ಒಂದಿಷ್ಟು ಬಿಚ್ಚಿಕೋತೀನಿ" ಅಂದರು. ಗಾಡಿಗೆ ಏನೂ ಆಗಿರಲಿಲ್ಲ. ಬರುವಾಗಿನ ಸಪ್ಪಳ ನಾನು ಕೇಳಿದ್ದೆನಲ್ಲ. ಮಗನ ಎಡಗಿವಿಯ ಕಡೆ ಕುಂತು ಬಿಚ್ಚಿದರು, ಒರೆಸಿದರು, ಹಾಕಿದರು, ಹೋದರು. ಎರಡನೇ ವಾರವೂ ಅದೇ. ಮೂರನೇ ವಾರ ಬೇಕಂತಲೇ ತಪ್ಪಾಗಿ ಜೋಡಿಸಿದರು. ಮಗ ಕೈ ಚಾಚಿ ಆ ತುಣುಕು ಕಸಿದುಕೊಂಡು "ಹಂಗಲ್ಲ" ಅಂದ.

ಎಂಟು ತಿಂಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಅದನ್ನು ನನಗೆ ಆಡಲಿಲ್ಲ.

ಆಮೇಲೆ ಪ್ರತಿ ಬೇಸ್ತವಾರ ಅವರಿಬ್ಬರ ಗುಸುಗುಸು. ಒಮ್ಮೆ ಮಗ ನಕ್ಕದ್ದು ಕೇಳಿತು. ಒಮ್ಮೆ ಅತ್ತದ್ದೂ ಕೇಳಿತು. ನಾನು ಚಾ ತಗೊಂಡು ಹೋದರೆ ಮಾತು ನಿಲ್ಲುತ್ತಿತ್ತು. ಲೋಟ ಇಟ್ಟು ಹೊರಳಿದರೆ ಮತ್ತೆ ಶುರು. ಹೆತ್ತವಳು ನಾನು, ಹೊಲಸು ಬಳಿದು ಬೆಳೆಸಿದವಳು ನಾನು. ಮಗನ ಮಾತೆಲ್ಲ ಶ್ರೀರಾಮನಗರದ ಆ ಎರಡು ಬೆರಳಿಲ್ಲದ ಮನುಷ್ಯನಿಗೆ. ನನಗೆ ಹೊಟ್ಟೆಕಿಚ್ಚಾಯಿತು. ನಾನು ಮುಂದೆ ಮಾಡಿದ್ದನ್ನು ತಿಳಿದ ಒಬ್ಬಿಬ್ಬರು ನನ್ನವರು, ಧರ್ಮಕ್ಕೆ ಹೆದರಿ ಮಾಡಿದಳು ಅಂದುಕೊಂಡರು. ನಾನೂ ಹೂಂ ಅಂದೆ. ಧರ್ಮ ಅಲ್ಲ, ಹೊಟ್ಟೆಕಿಚ್ಚು.

ಬೇಸಗೆಯಲ್ಲಿ ಒಂದು ಬೇಸ್ತವಾರ ನಮ್ಮ ದಾರಿಯಲ್ಲಿ ಮದುವೆ ದಿಬ್ಬಣ ಹೊರಟಿತ್ತು. ಅಂಗಡಿ ಮುಂದೆಯೇ ಪಟಾಕಿ ಸರ ಹಚ್ಚಿದರು. ಮಗ ಟಾಕಿಯ ಹಿಂದೆ ಓಡಿ ಮುದುಡಿ ಬಿದ್ದ. ಕಣ್ಣು ಮೇಲೆ ಹೋಗಿದ್ದವು, ಉಸಿರು ಸಿಕ್ಕುತ್ತಿರಲಿಲ್ಲ. ಪಾದ್ರಿ ಅವನ ತಲೆ ಮೇಲೆ ಕೊಡದಿಂದ ನೀರು ಸುರಿದರು. ಒಂದು ಕೈ ನೆತ್ತಿಯ ಮೇಲಿಟ್ಟು ಎಡಗಿವಿಯಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದರು. ನಾನು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ನನಗೆ ಸ್ವಚ್ಛ ಕೇಳಿಸಿತು. "ಒಂದು, ತಗೋ. ಎರಡು, ಬಿಡು. ಮೂರು, ತಗೋ." ಉಸಿರು ಎಣಿಸುತ್ತಿದ್ದರು.

ದಿಬ್ಬಣದ ಹೆಂಗಸರು ದಾರಿಯಿಂದ ಬಗ್ಗಿ ನೋಡಿದ್ದರು. ಅವರಿಗೆ ಎಣಿಕೆ ಕೇಳಿರಲಿಲ್ಲ. ಕಂಡದ್ದು ಪಾದ್ರಿ, ನೀರು, ತಲೆ ಮೇಲೆ ಕೈ. ಮರುದಿನ ತಾವರಗೇರಾ ತುಂಬ ಒಂದೇ ಮಾತು: ಚಾದಂಗಡಿಯವಳ ಮಗನಿಗೆ ಪಾದ್ರಿ ನೀರು ಹಾಕಿದ, ಅವರೊಳಗೆ ಸೇರಿಸಿಕೊಂಡ.

ಮುಂದಿನ ತಿಂಗಳು ಯಲಬುರ್ಗಾದಿಂದ ಮಗನನ್ನು ನೋಡಲು ಹೆಣ್ಣಿನ ಕಡೆಯವರು ಬರುವವರಿದ್ದರು. ಸಂಬಂಧ ಹೇಳಿದ ನಮ್ಮ ಮೈದುನ ಓಡಿ ಬಂದ.

"ಯಲಬುರ್ಗಿ ಮಂದಿ ಕೇಳಾಕತ್ತಾರ ವೈನಿ. ಹೌದೋ ಅಲ್ಲೋ?"

ಅಲ್ಲ, ಉಸಿರು ಎಣಿಸುತ್ತಿದ್ದರು, ನಾನು ಕಿವಿಯಾರೆ ಕೇಳಿದ್ದೇನೆ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. "ಇನ್ನ ಅವನನ್ನ ಹೊಸ್ತಿಲ ತುಳಿಯಾಕ ಬಿಡೂದಿಲ್ಲ ಅಂತ ಹೇಳು. ಮಗನ ಮುಂದ ಮಾತ್ರ ಬಾಯಿ ಬಿಡಬ್ಯಾಡ" ಅಂದೆ. ಹೇಳುವಾಗ ಎದೆಯೊಳಗೆ ತಂಪಾದ ಹಾಗಾಯಿತು. ಅದನ್ನೂ ಬರೆಯಬೇಕು.

ಮುಂದಿನ ಬೇಸ್ತವಾರ ಅವರು ಗಾಡಿಯಿಂದ ಇಳಿಯುವ ಮೊದಲೇ ನಾನು ದಾರಿಗೆ ಹೋದೆ. ಮಗ ಒಳಗೆ ಮಲಗಿದ್ದ.

"ಪಾದ್ರಿ ಸಾಹೇಬ್ರ, ಇನ್ನ ಬರಬ್ಯಾಡ್ರಿ. ಮಗನ ಲಗ್ನದ ಮಾತೈತಿ."

ಅವರು ಗಾಡಿ ಆರಿಸಿದರು. ಕೊಡ ಎತ್ತಿದಾಗ ನಾನು ಬಾಗಿಲಲ್ಲಿ ನಿಂತದ್ದನ್ನು ಅವರು ಕಂಡಿದ್ದರು. ಅದು ಬರೀ ಉಸಿರಿನ ಎಣಿಕೆ ಅಂತ ನನಗೆ ಗೊತ್ತಿರುವುದು ಅವರಿಗೆ ಗೊತ್ತಿತ್ತು.

"ಅವನಿಗೆ ಏನು ಹೇಳ್ಲಿ ಅಕ್ಕಾ?"

"ಏನೂ ಹೇಳಬ್ಯಾಡ್ರಿ. ನಾ ಅಂದೆ ಅಂತೂ ಹೇಳಬ್ಯಾಡ್ರಿ. ಮಾತು ಕೊಡ್ರಿ."

"ಆತು" ಅಂದರು. ಗಾಡಿ ಚಾಲೂ ಮಾಡಿ ಹೋದರು.

ಮಗ ಎರಡು ಬೇಸ್ತವಾರ ಕಾದ. ಮೂರನೆಯದಕ್ಕೆ ಕೇಳಿದ. "ಯವ್ವಾ, ಸಾಹೇಬ್ರು ಯಾಕ ಬರವಲ್ಲರು?"

"ಅವರಿಗೆ ನಿನ್ನಂಥೋರು ನೂರು ಮಂದಿ ಅದಾರ. ನಿನ್ನಿಂದ ಬ್ಯಾಸರಾಗಿರಬೇಕು" ಅಂದೆ.

ಇದೇ ಆ ತಪ್ಪು. ಬರಬೇಡ ಅಂದದ್ದಕ್ಕೆ ಹೇಗಾದರೂ ಸಮಜಾಯಿಷಿ ಕೊಡಬಹುದು. ಇದಕ್ಕೆ ಏನೂ ಇಲ್ಲ.

ಅವರು ಈ ದಾರಿ ಬಿಡಲಿಲ್ಲ. ಕುಷ್ಟಗಿಗೆ ಇದೇ ದಾರಿ. ಪ್ರತಿ ಬೇಸ್ತವಾರ ಮೂರಕ್ಕೆ ಆ ಫಟಫಟಿಯ ಸಪ್ಪಳ ದೂರದಿಂದ ಬರುವುದು, ಅಂಗಡಿ ಮುಂದೆ ನಿಧಾನ ಆಗುವುದು, ನಿಲ್ಲದೇ ಹೋಗುವುದು. ಮಗ ಎಡಗಿವಿ ಆ ಕಡೆ ಹೊರಳಿಸಿ ಕುಂತಿರುತ್ತಿದ್ದ. ಕೆಲವು ತಿಂಗಳಾದ ಮೇಲೆ ಬಲಗಿವಿ ಹೊರಳಿಸಿ ಕೂರತೊಡಗಿದ.

ಹೇಳಿದ ತಿಂಗಳಿಗೇ ಯಲಬುರ್ಗಾದವರು ಬಂದಿದ್ದರು. "ಹೆಸರೇನಪಾ?" ಅಂದರೆ ಮಗ ಬಾಯಿ ಬಿಡಲಿಲ್ಲ. ಪಾದ್ರಿಯನ್ನು ಕಳೆದುಕೊಂಡು ತಂದ ಸಂಬಂಧ ಒಂದು ತಾಸಿನಲ್ಲಿ ಮುರಿಯಿತು. ಮಗ ಮೂರು ವರ್ಷ ಟಾಕಿ ಬಿಟ್ಟು ಏಳಲಿಲ್ಲ. ಆಮೇಲೆ ಮೆಲ್ಲಗೆ ಎದ್ದ. ಕುಷ್ಟಗಿಯ ಬ್ಯಾಂಕೊಂದಕ್ಕೆ ಗಾರ್ಡ್ ಆದ, ಗಾಡಿ ತಗೊಂಡ, ತಡವಾಗಿ ಲಗ್ನ ಆಯಿತು, ಮಗಳು ಹುಟ್ಟಿದಳು. ಸತ್ತೇನೂ ಹೋಗಲಿಲ್ಲ. ಅದಕ್ಕೇ ನನಗೆ ಯಾರೂ ಏನೂ ಅನ್ನಲಿಲ್ಲ. ಒಳಗೆ ಎಷ್ಟು ಸತ್ತಿತ್ತು ಅಂತ ಅಳೆಯುವವರು ಯಾರು? ಮನೆಯೊಳಗೆ ಅವನ ಮಾತು ಈಗಲೂ ಹೂಂ, ಊಹೂಂ.

ಹೀಗೆ ಹದಿನೈದು ವರ್ಷದ ಮೇಲಾಯಿತು. ಮೊನ್ನೆ ಬೇಸಗೆಯಲ್ಲಿ ಮೀನಿನವನೊಬ್ಬ ಗಾಡಿ ನಿಲ್ಲಿಸಿ, "ಫಟಫಟಿ ಪಾದ್ರಿ ಹ್ವಾದ್ರಮ್ಮಾ. ಹಾಸಿಗಿ ಮ್ಯಾಲ, ಜ್ವರ ಬಂದು. ನಾಳಿ ಮಣ್ಣು" ಅಂದ. ಅಷ್ಟು ಮಂದಿ ದಾರಿಯಲ್ಲಿ ಸತ್ತದ್ದನ್ನು ಹೊತ್ತು ತಿರುಗಿದವರು ಹಾಸಿಗೆ ಮೇಲೆ ಸತ್ತರು. ಅಷ್ಟಾದರೂ ಆಯಿತು.

ಮಗ ಬ್ಯಾಂಕಿನಿಂದ ಬಂದ. ಹೇಗೆ ಹೇಳುವುದು ಅಂತ ನನಗೆ ತಿಳಿಯಲಿಲ್ಲ. ಪಡಸಾಲೆಯ ನೆಲದ ಮೇಲೆ ಕುಂತೆ. "ತಮ್ಮಾ, ಒಂದು ಲೋಟ ನೀರು ಕೊಡು" ಅಂದೆ.

ನಾನು ಯಾರ ಕೈಯಲ್ಲೂ ನೀರು ತರಿಸಿಕೊಂಡು ಕುಡಿದವಳಲ್ಲ. ಅವನು ನೀರು ತಂದ, ನನ್ನ ಕುಂತ ರೀತಿ ನೋಡಿದ. ತಾನೂ ಕುಂತ.

"ಸಾಹೇಬ್ರು ಏನು?" ಅಂದ.

"ಹೂಂ."

ಇನ್ನೊಂದು ಮಾತೂ ಹೇಳಬೇಕಿತ್ತು. ಅದನ್ನು ನುಂಗಿ ಒಲೆ ಹಚ್ಚಲು ಎದ್ದೆ.

ಮರುದಿನ ಅವನು ಬಿಳಿ ಅಂಗಿ ಹಾಕಿ ಗಾಡಿ ತೆಗೆದ. ನಾನೂ ಬರುತ್ತೇನೆ ಅಂದೆ. ಇದ್ದ ಒಂದೇ ಹೆಲ್ಮೆಟ್ಟು ನನ್ನ ತಲೆಗೆ ಹಾಕಿ, ಗದ್ದದ ಕೆಳಗೆ ಬಿಗಿದ. ಶ್ರೀರಾಮನಗರದಾಚೆ ಕಾಲುವೆ ದಂಡೆಯ ಮೇಲೆ ಅವರ ಸಮಾಧಿ ಜಾಗ. ಎರಡುನೂರು ಗಾಡಿಯಾದರೂ ಬಂದಿರಬೇಕು. ಒಂದರದೂ ಸಪ್ಪಳ ಇಲ್ಲ. ಎಲ್ಲರೂ ದಾರಿಯಿಂದಲೇ ಎಂಜಿನ್ ಆರಿಸಿ ಗಾಡಿ ನೂಕಿಕೊಂಡು ಬರುತ್ತಿದ್ದರು. ಗಾಡಿ ಮೇಲೆ ಗಂಡನನ್ನು ಕಳಕೊಂಡ ಹೆಂಗಸರು ಅಲ್ಲಿ ಕುಂತಿರುತ್ತಾರೆ, ಅವರ ಕಿವಿಗೆ ಆ ಸಪ್ಪಳ ಬೀಳಬಾರದು ಅಂತ ಪಾದ್ರಿ ಮಾಡಿದ ರಿವಾಜಂತೆ. ಮಗನೂ ನೂಕಿದ. ಹಳೇ ಫೌಜಿಗಳು ಟೋಪಿ ಹಾಕಿ ಸಾಲಾಗಿ ನಿಂತಿದ್ದರು. ಅವನು ಹೋಗಿ ಆ ಸಾಲಿನ ಕೊನೆಗೆ ನಿಂತ.

ಮಣ್ಣಾದ ಮೇಲೆ ಪಾದ್ರಿಯ ಹೆಂಡತಿ ಬಂದವರನ್ನೆಲ್ಲ ಮಾತಾಡಿಸುತ್ತ ಬಂದರು. ಮಗ ಅಷ್ಟೊತ್ತಿಗೆ ನನ್ನ ಮಗ್ಗುಲಿಗೆ ಬಂದಿದ್ದ.

"ಯಾವೂರು ಅಕ್ಕಾ?"

"ತಾವರಗೇರಿ ದಾಟಿ. ಚಾದಂಗಡಿ."

ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು. "ಬೇಸ್ತವಾರದ ಮಿರ್ಚಿ ಅಕ್ಕಾರಾ? ಮಧ್ಯಾಹ್ನ ಊಟಕ್ಕೆ ಬುತ್ತಿ ಕಟ್ಟಲಾ ಅಂದ್ರ, ಬ್ಯಾಡ, ಅಕ್ಕ ಮಿರ್ಚಿ ಕೊಡತಾಳ ಅಂತಿದ್ರು. ಕಡೀತನಕ ಅದನ್ನೇ ಅಂತಿದ್ರು ನೋಡ್ರಿ. ಭಾಳ ಉಪಕಾರ ಆತು."

ಕಾರ್ಬೋರೇಟರ್ ಮಾತು ಬಿಟ್ಟರೆ ಪಾದ್ರಿ ಸುಳ್ಳು ಹೇಳಿದ್ದು ನನಗೆ ಗೊತ್ತಿರುವುದು ಇದೊಂದೇ. ಹೆಂಡತಿಗೂ ನನ್ನ ಮಾತು ಬಿಟ್ಟುಕೊಟ್ಟಿರಲಿಲ್ಲ. ಅಷ್ಟು ವರ್ಷ ಬೇಸ್ತವಾರ ಉಪಾಸ ಹೋಗಿದ್ದರೋ, ಎಲ್ಲಿ ತಿಂದಿದ್ದರೋ. ಆಕೆಯ ಕೈ ಬೆಚ್ಚಗಿತ್ತು. ಹಿಡಿಸಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಇಲ್ಲವ್ವಾ. ಅವರು ನನ್ನ ಮಿರ್ಚಿ ತಿಂದು ಹದಿನೈದು ವರ್ಷದ ಮ್ಯಾಲಾತು. ನನ್ನ ಮಗನ ಹತ್ರ ಬರಬ್ಯಾಡ್ರಿ ಅಂತ ನಾನೇ ದಾರ್ಯಾಗ ನಿಂದ್ರಿಸಿ ಹೊಳ್ಳಿ ಕಳಿಸೀನಿ. ಯಾರಿಗೂ ಹೇಳಬ್ಯಾಡ್ರಿ ಅಂತ ಮಾತೂ ತಗೊಂಡಿದ್ದೆ."

ಮಗ ನನ್ನ ಬಲಕ್ಕಿದ್ದ. ಅವನ ಎಡಗಿವಿ ನನ್ನ ಕಡೆಗಿತ್ತು.

ಆಕೆ ಕೈ ಬಿಡಲಿಲ್ಲ. ಮಗ ಗಾಡಿ ನೂಕಿಕೊಂಡು ದಾರಿಗೆ ಹೋದ. ನನ್ನನ್ನು ಬಿಟ್ಟು ಹೋಗುತ್ತಾನೆ ಅಂದುಕೊಂಡೆ. ಬಿಟ್ಟಿದ್ದರೆ ಬಸ್ಸಿಗೆ ಬರುತ್ತಿದ್ದೆ, ತಪ್ಪೇನಿರಲಿಲ್ಲ. ದಾರಿಯಲ್ಲಿ ಕಾಯುತ್ತಿದ್ದ. ಮತ್ತೆ ಹೆಲ್ಮೆಟ್ಟು ಬಿಗಿದ. ಮನೆಗೆ ಕರೆದುಕೊಂಡು ಬಂದ.

ಗಾಡಿ ನಿಲ್ಲಿಸಿ ಅವನು ಒಳಗೆ ಹೋಗಲಿಲ್ಲ. ಅಂಗಡಿ ಮುಂದೆ, ಬಿಸಿಲಿಗೆ ಕಾದ ನೆಲದ ಮೇಲೆ ಬಿಳಿ ಅಂಗಿಯಲ್ಲೇ ಕುಂತ.

"ಯವ್ವಾ, ಒಂದು ಲೋಟ ನೀರು ಕೊಡು."

ನೀರು ತಂದೆ, ಎದುರಿಗೆ ಕುಂತೆ. ಅವನು ಲೋಟವನ್ನು ನಡುವೆ ಇಟ್ಟ.

"ಬ್ಯಾಂಕಿನ ಕೆಲಸ ಹತ್ತಿದ ವರ್ಷ ಕುಷ್ಟಗಿ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ರು. ನನ್ನ ನೋಡಿ ಗಾಡಿ ನಿಂದ್ರಿಸಿ ಬಂದ್ರು. ಕೈ ಚಾಚಿದ್ರು. ನನ್ನಿಂದ ಬ್ಯಾಸರಾಗಿತ್ತಲಾ ನಿಮಗ, ಈಗ ಯಾಕ ಬಂದೀರಿ ಅಂದೆ. ಅಷ್ಟು ಮಂದಿ ಮುಂದ ಅಂದೆ. ಅವರ ಕಾಲ ಹತ್ರ ಉಗುಳಿದೆ."

"ಅವರೇನಂದ್ರು?"

"ಚಾಚಿದ ಕೈ ಹಂಗ ಇತ್ತು. ಆಮ್ಯಾಲ ನನ್ನ ಗಾಡಿ ನೋಡಿದ್ರು. ಹಿಂದಿನ ಬ್ರೇಕ್ ಸವದೈತಿ, ಇವತ್ತ ಹಾಕಿಸ್ಕೋ ಅಂದ್ರು. ಹ್ವಾದ್ರು."

ಬ್ಯಾಸರ ಅನ್ನುವುದು ನನ್ನ ಮಾತು. ನನ್ನ ಬಾಯಿಂದ ಹೊರಟು ಮಗನ ಬಾಯಿಂದ ಅವರಿಗೆ ಹೋಗಿ ಬಡಿದಿತ್ತು. ಅದನ್ನು ಕೇಳಿದ ಕೂಡಲೇ ಅವರಿಗೆ ಎಲ್ಲ ತಿಳಿದಿರಬೇಕು. ನಿನ್ನ ತಾಯಿ ಬರಬೇಡ ಅಂದಳಪ್ಪಾ ಅಂತ ಹೇಳಿದ್ದರೆ ಆ ಚಾಚಿದ ಕೈ ತುಂಬುತ್ತಿತ್ತು. ಆದರೆ ಅವರು ನನಗೆ ಆತು ಅಂತ ಮಾತು ಕೊಟ್ಟಿದ್ದರು.

"ಅವತ್ತ ಬ್ರೇಕ್ ಹಾಕಿಸಿದ್ಯಾ?" ಅಂದೆ.

"ಹಾಕಿಸಿದೆ" ಅಂದ.

ಲೋಟದ ನೀರು ನಮ್ಮಿಬ್ಬರ ನಡುವೆ ಬಿಸಿಯಾಗುತ್ತ ಇತ್ತು. ಅವನು ಮುಟ್ಟಲಿಲ್ಲ. ಎತ್ತಿ ಕೊಡಲು ನನ್ನ ಕೈ ಬರಲಿಲ್ಲ.